ಇಪ್ಪತ್ತು ಡಿಗ್ರಿ, ನಾಲ್ಕು ಬೆರಳು

ಒಂದು ಪಾಯಿಂಟ್ ಏಳು ಸೊನ್ನೆ ಒಂದು ಮೂರು — ಅಲ್ಲ, ಬಿಸಿಲು ಬಿದ್ದು ಅಂಕಿ ಹಾಗೆ ಕಾಣುತ್ತಿದೆ ಅಷ್ಟೆ, ಭಾನು ಕ್ಯಾಲ್ಕುಲೇಟರನ್ನು ಬಸ್ಸಿನ ಕಿಟಕಿಯಿಂದ ಈಚೆಗೆ ಎಳೆದುಕೊಂಡು ವೇಲಿನ ನೆರಳು ಮಾಡಿ ಮತ್ತೆ ಒತ್ತಿದಳು, ಅರವತ್ತು, ಕಾಸ್, ಅದರಿಂದ ಒಂದನ್ನು ಭಾಗಿಸು, ಮತ್ತೆ ಅದೇ, ಒಂದು ಪಾಯಿಂಟ್ ಏಳು ಸೊನ್ನೆ ಒಂದು ಮೂರು, ಎರಡು ಬರಬೇಕಲ್ಲ, ಅರವತ್ತು ಡಿಗ್ರಿಯ ಸೆಕ್ ಅಂದರೆ ಎರಡು, ಸೂರ್ಯ ಪಡುವಣಕ್ಕೆ ಹುಟ್ಟಿದರೂ ಎರಡು, ಗುಮ್ಮಳಾಪುರದ ಕನ್ನಡ ಶಾಲೆಯಲ್ಲಿ ರಾಮಕೃಷ್ಣಪ್ಪ ಮೇಷ್ಟ್ರು ಬೇವಿನ ಮರಕ್ಕೆ ಒರಗಿಸಿದ್ದ ಏಣಿಯನ್ನು ಬೆತ್ತದಿಂದ ತಟ್ಟಿ ಕಲಿಸಿದ್ದು, ಬುಡ ಮರದಿಂದ ಒಂದು ಗಜ ದೂರ, ಏಣಿ ನೆಲಕ್ಕೆ ಅರವತ್ತು ಡಿಗ್ರಿ, ಏಣಿ ಎಷ್ಟುದ್ದ ಹೇಳ್ರಲಾ, ಎರಡು ಗಜ ಸಾ, ಹೂಂ, ನೆಲ ಒಂದಾದ್ರೆ ಓರೆ ಎಷ್ಟು ಅನ್ನೋದೇ ಸೆಕ್ ಕಣ್ರಲಾ, ಅದೇನು ಬ್ರಹ್ಮವಿದ್ಯೆ ಅಲ್ಲ, ಪುಸ್ತಕ ಆಗ್ಲಿ ಮಿಸೀನ್ ಆಗ್ಲಿ, ಲೆಕ್ಕಕ್ಕೆ ಕೂರೋ ಮುಂಚೆ ಒಂದ್ಸಲ ಅರವತ್ತನ್ನ ಕೇಳಿ, ಎರಡು ಅಂದ್ರೆ ನಂಬಿ, ಬೇರೆ ಏನಾರಾ ಅಂದ್ರೆ ಅವರಪ್ಪ ಬಂದು ಹೇಳಿದ್ರೂ ನಂಬಬ್ಯಾಡಿ. ಕೆಲಸಕ್ಕೆ ಕೈಹಾಕುವ ಮೊದಲು ಬೇರೆಯವರು ಯಂತ್ರ ಮುಟ್ಟಿ ಕಣ್ಣಿಗೊತ್ತಿಕೊಳ್ಳುವಂತೆ, ಹೊಸೂರಿನ ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ಪೈಪುಗಳ ಅಳತೆ ಬರೆದುಕೊಡುವ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಯಿತು, ಅರವತ್ತನ್ನು ಕೇಳದೆ ಅವಳು ಲೆಕ್ಕ ಶುರುಮಾಡಿದ್ದೇ ಇಲ್ಲ, ಇವತ್ತೂ ಕೇಳಿದಳು, ಅಂಚೆಟ್ಟಿ ಕಡೆಯ ಸೈಟು ತಲುಪುವಷ್ಟರಲ್ಲಿ ಮಳೆನೀರು ಹೋಗುವ ತಗಡಿನ ದೋಣಿಯ ಅಳತೆ ಹಾಕಿಟ್ಟುಕೊಳ್ಳೋಣ ಅಂತ ಕೇಳಿದಳು — ಇಲ್ಲ, ಒಂದು ದಿನ ಕೇಳಿರಲಿಲ್ಲ, ಶುಕ್ರವಾರ, ಆ ಸೈಟಿನ ಮಾಡಿಗೆ ಓರೆ ಪೈಪಿನ ಉದ್ದ ಹಾಕಿದ ದಿನ. ಗಾಜಿನ ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರವೊಂದಿರುತ್ತದೆ, ಡಿಗ್ರಿಯ ಡಿ, ಉಗುರಿನಿಂದ ಕೊಳೆ ಕೆರೆದು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಅಲ್ಲಿದ್ದದ್ದು ಜಿ.

ಜಿ ಅಂದರೆ ಗ್ರೇಡಿಯನ್, ಲಂಬಕೋನವನ್ನು ತೊಂಬತ್ತು ಪಾಲು ಮಾಡುವ ಬದಲು ನೂರು ಪಾಲು ಮಾಡುವ ಯಾವುದೋ ಪರದೇಶದವರ ಲೆಕ್ಕ, ಡಿಪ್ಲೊಮಾದಲ್ಲಿ ಒಂದೇ ಸಾಲು ಓದಿ ಪರೀಕ್ಷೆ ಮುಗಿದ ದಿನವೇ ಮರೆತದ್ದು, ಹೊಸೂರಿನಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲ, ಆದರೂ ಕೋನದ ಮಾನ ಬದಲಿಸುವ ಗುಂಡಿಯನ್ನು ಒತ್ತುತ್ತ ಹೋದರೆ ಡಿ ಆದಮೇಲೆ ರೇಡಿಯನ್ನಿನ ಆರ್, ಆರ್ ಆದಮೇಲೆ ಜಿ, ಆರ್ ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದಳು, ಐದೂವರೆ ಮೀಟರಿಗೆ ಹದಿಮೂರೂವರೆ ಮೀಟರ್ ಅಂತ ಹುಚ್ಚು ಅಂಕಿ ಬಂದು ಕುರುಡನಿಗೂ ತಪ್ಪು ಕಾಣುತ್ತಿತ್ತು, ಇದು ಹಾಗಲ್ಲ, ಹೆಣ್ಣು ನೋಡಲು ಬಂದ ಗಂಡಿನ ಹಾಗೆ ತಲೆ ಬಾಚಿಕೊಂಡು ಬಂದಿರುವ ತಪ್ಪು, ಮಾಡಿನ ಇಳಿಜಾರು ಇಪ್ಪತ್ತು ಡಿಗ್ರಿ, ಅದರ ಸೆಕ್ ಒಂದು ಪಾಯಿಂಟ್ ಸೊನ್ನೆ ಆರು ನಾಲ್ಕು, ಈ ಹಾಳು ಜಿ ಇಪ್ಪತ್ತನ್ನು ಹದಿನೆಂಟು ಡಿಗ್ರಿ ಅಂದುಕೊಂಡು ಕೊಟ್ಟದ್ದು ಒಂದು ಪಾಯಿಂಟ್ ಸೊನ್ನೆ ಐದು ಒಂದು, ಎದುರುಬದುರು ಇಟ್ಟರೆ ಅಕ್ಕತಂಗಿಯರಂತಿವೆ, ಯಾರಿಗೆ ಅನುಮಾನ ಬರುತ್ತದೆ. ಅಲ್ಲ, ಇನ್ನೊಂದು ದಾರಿಯಲ್ಲಿ ನೋಡೋಣ, ಯಂತ್ರವೇ ಬೇಡ, ಅಂಚೆಟ್ಟಿಗಿಂತ ಈಚೆಗಿನ ಆ ಹಳ್ಳಿಶಾಲೆಯಲ್ಲಿ ಮಕ್ಕಳು ಮಧ್ಯಾಹ್ನದ ಊಟಕ್ಕೆ ಕೂರುವ ಶೆಡ್ಡು, ಮಧ್ಯದ ಕಂಬ ಪಕ್ಕದ ಕಂಬಕ್ಕಿಂತ ಎರಡು ಮೀಟರ್ ಎತ್ತರ, ಎರಡರ ನಡುವೆ ನೆಲ ಐದೂವರೆ, ಐದೂವರೆಯ ವರ್ಗ ಮೂವತ್ತು ಕಾಲು, ಎರಡರ ವರ್ಗ ನಾಲ್ಕು, ಕೂಡಿದರೆ ಮೂವತ್ತನಾಲ್ಕು ಕಾಲು, ಅದರ ಮೂಲ — ಐದು ಎಂಬತ್ತೈದರ ವರ್ಗ ಮೂವತ್ತನಾಲ್ಕು ಇಪ್ಪತ್ತೆರಡು, ಹತ್ತಿರ ಬಂತು, ಹಾಗಾದರೆ ಓರೆ ಪೈಪಿನ ಉದ್ದ ಐದು ಮೀಟರ್ ಎಂಬತ್ತೈದು, ಅವಳ ಮಾತಿನಂತೆ ಕತ್ತರಿಸಿದ್ದು ಐದು ಮೀಟರ್ ಎಪ್ಪತ್ತೆಂಟು, ಏಳು ಸೆಂಟಿಮೀಟರ್ ಗಿಡ್ಡ, ಒಂದಲ್ಲ ಎರಡಲ್ಲ, ಹದಿನಾರು ಪೈಪು, ಹದಿನಾರೂ ಗಿಡ್ಡ. ಏಳು ಸೆಂಟಿಮೀಟರ್ ಅಂದರೆ ಎಷ್ಟು, ಭಾನು ಮುಂದಿನ ಸೀಟಿನ ಕಬ್ಬಿಣದ ಕಂಬಿಯ ಮೇಲೆ ಬೆರಳುಗಳನ್ನು ಒತ್ತಾಗಿ ಜೋಡಿಸಿಟ್ಟು ನೋಡಿದಳು, ತೋರುಬೆರಳಿನಿಂದ ಕಿರುಬೆರಳಿನವರೆಗೆ, ನಾಲ್ಕು ಬೆರಳು.

ನಾಲ್ಕು ಬೆರಳು, ಪೈಪಿನ ತುದಿಗೂ ಮಧ್ಯದ ಕಂಬಕ್ಕೂ ನಡುವೆ ನಾಲ್ಕು ಬೆರಳಿನ ಸಂದು, ಆ ಸಂದಿನಲ್ಲಿ ಆಕಾಶ — ಯಾಕೆ ಕೇಳಲಿಲ್ಲ ಶುಕ್ರವಾರ, ಎರಡು ಗುಂಡಿ ಒತ್ತುವ ಕೆಲಸ, ಗುರುವಾರ ಸಂಜೆ ಸಿಂಚನಾ ಅನ್ನ ತಿನ್ನಲೊಲ್ಲೆ ಅಂತ ಬಾಯಿ ಬಿಗಿಹಿಡಿದು ಕೂತಿದ್ದಳು, ಐದು ವರ್ಷದ ಮಗಳಿಗೆ ಮೊಬೈಲ್ ಕೊಡಬಾರದು ಅಂತ ತಾನೇ ಮನೆಯಲ್ಲಿ ಕಾನೂನು ಮಾಡಿ, ಅಳು ನಿಲ್ಲಲಿ ಅಂತ ಚೀಲದಿಂದ ಈ ಕ್ಯಾಲ್ಕುಲೇಟರನ್ನೇ ತೆಗೆದು ಕೈಗೆ ಕೊಟ್ಟದ್ದು, ಹಲೋ ಅಜ್ಜೀ, ನಾನು ಸಿಂಚನಾ, ಅಮ್ಮ ನಂಗೆ ಸಾರು ಜಾಸ್ತಿ ಹಾಕ್ಬುಟ್ಳು, ಅಂತ ಆ ಪುಟಾಣಿ ಹೆಬ್ಬೆರಳು ಸಿಕ್ಕ ಸಿಕ್ಕ ಗುಂಡಿಯನ್ನೆಲ್ಲ ಒತ್ತುತ್ತಿದ್ದರೆ, ಅಬ್ಬ, ಎಂಟು ತುತ್ತು ಹೋಯಿತು ಅಂತ ಅಮ್ಮ ಅನ್ನಿಸಿಕೊಂಡವಳು ಖುಷಿಪಟ್ಟದ್ದು, ಆ ಎಂಟು ತುತ್ತಿಗೆ ಇದು ಬೆಲೆ. ಮಗುವನ್ನು ಯಾಕೆ ಎಳೆಯಬೇಕು, ಶುಕ್ರವಾರ ಬೆಳಿಗ್ಗೆ ಶೆಡ್ಡಿನಲ್ಲಿ ಮೇಸ್ತ್ರಿ ಚಿಕ್ಕಮುನಿಯಪ್ಪ ದಾರದುಂಡೆ ಹಿಡಿದುಕೊಂಡು ಬಂದು ನಿಂತಿರಲಿಲ್ಲವೇ, ಭಾನವ್ವ, ಒಂದ್ಸಲ ನೆಲದ ಮ್ಯಾಲೆ ಐದೂವರೆ ಉದ್ದ ಎರಡು ಎತ್ತರ ಗೀಟು ಹೊಡ್ದು ದಾರ ಎಳ್ದು ನೋಡ್ಬುಡಾನಾ, ಹದಿನೈದು ನಿಮಿಷದ ಕೆಲಸ ಅಂದರು, ಅರವತ್ತು ತುಂಬಲು ಒಂದೋ ಎರಡೋ ವರ್ಷ ಇರುವ ಮನುಷ್ಯ, ಮಗಳನ್ನು ಕೇಳುವ ಹಾಗೆ ಕೇಳಿದರು, ಅವಳು ನಕ್ಕಳು, ಥೂ ಆ ನಗು ನೆನೆಸಿಕೊಂಡರೆ ಈಗ ಮೈಯೆಲ್ಲ ಉರಿಯುತ್ತದೆ, ದಾರ ಯಾಕೆ ಮೇಸ್ತ್ರಿ, ಸೆಕ್ ಹಾಕಿದೀನಿ, ಮಿಲಿಮೀಟರ್ ಲೆಕ್ಕ, ದಾರ ಜೋತು ಬೀಳ್ತದೆ ಸೆಕ್ ಜೋತು ಬೀಳಲ್ಲ. ವಾರದ ಹಿಂದೆ ಸೇರಿದ ಟ್ರೇನಿಗಳಿಬ್ಬರು ನೋಡುತ್ತಿದ್ದರು, ಅವರೆದುರು ಸೆಕ್ ಅಂತ ಹೇಳುವ ಚಪಲ. ಮೇಸ್ತ್ರಿ ಒಂದು ಮಾತೂ ಎದುರಾಡದೆ ದಾರವನ್ನು ಉಂಡೆಗೆ ಸುತ್ತಿಕೊಳ್ಳುತ್ತ, ಆಯ್ತು ಬುಡಮ್ಮ, ನಿನ್ ಲೆಕ್ಕ ಅಂದ್ರೆ ಕಲ್ಲಲ್ಲಿ ಬರ್ದಂಗೆ, ಲೇ ವೆಂಕಿ, ಭಾನಕ್ಕ ಹೇಳಿದ್ದು ಗುರ್ತು ಹಾಕ್ಕೊಳ್ಳಲಾ. ಅವಳು ನಿಂತಲ್ಲಿಂದಲೇ ಕೂಗಿ ಹೇಳಿದಳು, ಐದು ಸಾವಿರದ ಏಳ್ನೂರ ಎಂಬತ್ತಮೂರು, ವೆಂಕಿ ಮೊದಲ ಪೈಪನ್ನು ಕತ್ತರಿಸಿದ, ಉಳಿದ ಹದಿನೈದನ್ನು ಅದರ ಪಕ್ಕ ಮಲಗಿಸಿ ಅದರಂತೆಯೇ ಕತ್ತರಿಸಿದ, ಶೆಡ್ಡಿನ ಪದ್ಧತಿಯೇ ಅದು, ಮೊದಲನೆಯದು ಸರಿಯಾದರೆ ಎಲ್ಲ ಸರಿ, ಮೊದಲನೆಯದು ಕೆಟ್ಟರೆ ಊರಿಗೆ ಊರೇ ಕೆಟ್ಟಂತೆ.

ಫೋನ್, ಫೋನ್ ಮಾಡು, ತಲೆ ಇದೆಯೇನೇ ನಿನಗೆ, ಮೇಸ್ತ್ರಿಗೆ ಮಾಡಿದಳು, ಕಿವಿಯಲ್ಲಿ ಬರೀ ಮೌನ, ಫೋನಿನ ಮೂಲೆಯಲ್ಲಿ ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲ, ದೇಂಕಣಿಕೋಟೆಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತ್ತು, ಅಲ್ಲಿ ಬೇಕಾದಷ್ಟು ಸಿಗ್ನಲ್ಲಿತ್ತು, ಅಲ್ಲಿ ಕೂತು ಅಮ್ಮನಿಗೆ ಫೋನ್ ಮಾಡಿ ಸಿಂಚನಾಗೆ ಜ್ವರ ಇಳಿಯಿತಾ ಅಂತ ಕೇಳಿ ಒಂದು ಬನ್ನು ತಿಂದಳು, ಜ್ವರ ಬಂದಿರದಿದ್ದರೆ ನಿನ್ನೆಯೇ ಲಾರಿಯ ಹಿಂದೆ ಸೈಟಿಗೆ ಹೋಗಿರುತ್ತಿದ್ದಳು, ಪೈಪು ನೆಲದ ಮೇಲಿರುವಾಗಲೇ ಕಣ್ಣಿಗೆ ಬೀಳುತ್ತಿತ್ತು, ಈಗ ಈ ಕಾಡುಘಾಟಿಯಲ್ಲಿ ಫೋನು ಸೋಪಿನ ತುಂಡಿಗೆ ಸಮ. ಸಿಗ್ನಲ್ ಇದ್ದಿದ್ದರೂ ಮೇಸ್ತ್ರಿ ಎತ್ತುತ್ತಿರಲಿಲ್ಲ, ಸಾರವೆ ಹತ್ತುವವರು ಫೋನನ್ನು ಊಟದ ಚೀಲದಲ್ಲಿಟ್ಟು ಹತ್ತಬೇಕು ಅಂತ ನಿಯಮ ಬರೆದು ಗೋಡೆಗೆ ಅಂಟಿಸಿದವಳು ಇದೇ ಭಾನು. ಗಂಟೆ ಹತ್ತು ನಲವತ್ತು, ಮೊದಲ ಪೈಪು ಆಗಲೇ ಮೇಲೇರಿರುತ್ತದೆ, ಕೆಳತುದಿಯನ್ನು ಪಕ್ಕದ ಕಂಬಕ್ಕೆ ಬೋಲ್ಟು ಹಾಕಿ ಮೇಲ್ತುದಿಯನ್ನು ಮಧ್ಯದ ಕಂಬಕ್ಕೆ ತಂದಾಗ ಮುಟ್ಟುವುದಿಲ್ಲ, ನಾಲ್ಕು ಬೆರಳು, ಮುಟ್ಟದಿದ್ದರೆ ಮೇಸ್ತ್ರಿ ಏನು ಮಾಡುತ್ತಾರೆ, ಬೇರೆ ಯಾವ ಮೇಸ್ತ್ರಿಯಾದರೂ, ಲೇ ಅಳತೆ ತಪ್ಪೈತೆ ಕಣ್ಲಾ, ಕೆಳಗಿಳ್ಸಿ ಅಂತಾನೆ, ಚಿಕ್ಕಮುನಿಯಪ್ಪ ಹಾಗನ್ನುವುದಿಲ್ಲ, ಅನ್ನದಂತೆ ಮಾಡಿದವಳೂ ಇದೇ ಭಾನು. ಮಾರ್ಚಿನಲ್ಲಿ ನೀರಿನ ಟ್ಯಾಂಕಿನ ಕಟ್ಟೆಯ ಕೆಲಸದಲ್ಲಿ ಹೀಗೇ ಕೂಡದಿದ್ದಾಗ, ನಿನ್ ಪೇಪರ್ ಸುಳ್ಳು ಹೇಳ್ತೈತೆ ಕಣಮ್ಮ ಅಂದಿದ್ದರು, ಪೇಪರ್ ಸರಿ ಮೇಸ್ತ್ರಿ ನಿಮ್ ಕಂಬ ವಾಲಿದೆ ಅಂದಿದ್ದಳು, ಮಾಲೀಕ ನರೇಶ್ ಎದುರಿಗೇ ಅಳೆಸಿದರೆ ಕಂಬ ಎರಡು ಸೆಂಟಿಮೀಟರ್ ವಾಲಿತ್ತು, ಅವತ್ತು ಗೆದ್ದವಳ ಹಾಗೆ ಟೀ ಕುಡಿದಳು, ಅವತ್ತಿನಿಂದ ಆ ಮನುಷ್ಯ ಇವಳ ಅಂಕಿಗೆ ಕೈಮುಗಿಯುವುದೊಂದು ಬಾಕಿ. ಕಂಬ ವಾಲಿದೆ ಅಂದುಕೊಳ್ಳುತ್ತಾರೆ, ಕಂಬ ನೆಟ್ಟಗಿದೆಯೇ ಅಂತ ದಾರಕ್ಕೆ ಇಳಿಬಿಟ್ಟು ನೋಡುವ ಮೂವತ್ತು ವರ್ಷದ ತಮ್ಮ ತೂಗುಗುಂಡನ್ನಾದರೂ ಅನುಮಾನಿಸುತ್ತಾರೆ, ಭಾನವ್ವನ ಲೆಕ್ಕವನ್ನು ಅನುಮಾನಿಸುವುದಿಲ್ಲ, ಚೈನ್ ಪುಲ್ಲಿ ಹಾಕಿ ಪಕ್ಕದ ಕಂಬವನ್ನು ಒಳಕ್ಕೆ ಎಳೆಸುತ್ತಾರೆ, ನೆಟ್ಟಗೆ ನಿಂತ ಕಂಬ ಅದು, ಕಾಂಕ್ರೀಟ್ ಹಾಕಿ ಹತ್ತು ದಿನವಾಗಿಲ್ಲ, ಎಳೆದರೆ ಬಗ್ಗುತ್ತದೆ, ಬುಡದ ಬೋಲ್ಟು ಬಾಯಿ ಬಿಡುತ್ತದೆ, ಇಲ್ಲಾ ಕೊಂಡಿ ಜಾರಿ ಬಿಲ್ಲಿನಂತೆ ಹಿಂದಕ್ಕೆ ಚಿಮ್ಮುತ್ತದೆ, ಮೇಲೆ ಸಾರವೆಯಲ್ಲಿ ಮೇಸ್ತ್ರಿ, ಆ ಸಂದಿನಲ್ಲಿ ಕೈಯಿಟ್ಟುಕೊಂಡು. ಚಿಮ್ಮದೆ ಹಾಗೇ ಕೂತರೆ ಇನ್ನೂ ಕೇಡು, ಜಗ್ಗಿಕೊಂಡೇ ನಿಂತ ಆ ಕಂಬಗಳ ಮೇಲೆ ಶೀಟು ಹೊದಿಸುತ್ತಾರೆ, ಕೆಳಗೆ ತಟ್ಟೆ ಹಿಡಿದು ಕೂರುವವು ಸಿಂಚನಾಳ ವಯಸ್ಸಿನ ಮಕ್ಕಳು.

ಬಸ್ಸು ಯಾಕೆ ನಿಂತಿತು, ತಿರುವಿನಲ್ಲಿ ಎದುರಿಗೆ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರು, ಅದು ಹಿಂದೆ ಹೋಗಬೇಕೋ ಇದು ಹಿಂದೆ ಹೋಗಬೇಕೋ ಅಂತ ಅವನೂ ಇವನೂ ಜಗಳಕ್ಕೆ ನಿಂತಿದ್ದಾರೆ, ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು ಪಿನ್ನಾಡಿ ಪೋಪ್ಪಾ, ಪಿನ್ನಾಡಿ ಪೋ, ಹಿಂದಕ್ಕೆ ಹೋಗು ಅಂತ ತಮಿಳಿನಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದಾನೆ, ಟ್ರ್ಯಾಕ್ಟರಿನವನು ತೆಲುಗಿನಲ್ಲಿ ಅವನ ಅಜ್ಜಿಯನ್ನು ನೆನೆಸುತ್ತಿದ್ದಾನೆ, ಪಕ್ಕದಲ್ಲಿ ಕೂತ ಮುದುಕಿ, ಗೋವಿಂದಮ್ಮ ಅಂತ ಹೆಸರು ಹೇಳಿದ್ದಳು, ತೊಡೆಯ ಮೇಲೆ ಹುಣಸೆಹಣ್ಣಿನ ಗಂಟು ಇಟ್ಟುಕೊಂಡವಳು, ಯಾಕವ್ವ ಹಿಂಗೆ ಬೆವರ್ತಾ ಇದ್ದೀಯ, ಬಸ್ರಿ ಗಿಸ್ರಿ ಆಗಿದ್ದೀಯಾ, ಒಂದು ಎಳೆ ಹುಣಸೆಹಣ್ಣು ಬಾಯಿಗೆ ಹಾಕ್ಕೊ ಅನ್ನುತ್ತಾಳೆ, ಬೇಡಜ್ಜಿ ಅಂದಳು. ಬ್ಯಾಗಿನಲ್ಲಿ ಅಳತೆ ಪುಸ್ತಕ, ತೆಗೆದಳು, ಶುಕ್ರವಾರದ ಪುಟ, ಇಪ್ಪತ್ತು ಡಿಗ್ರಿ, ಐದೂವರೆ ಮೀಟರ್, ಕೆಳಗೆ 5783, ಪೆನ್ಸಿಲ್ಲಿನಲ್ಲಿ ಬರೆದದ್ದು, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದಾಳೆ ಗತ್ತಿನಿಂದ. ಪೆನ್ಸಿಲ್ಲು. ಅಳಿಸಿದರೆ ಹೋಗುತ್ತದೆ. ಏಳು ಇರುವ ಕಡೆ ಎಂಟು, ಎಂಟು ಇರುವ ಕಡೆ ಐದು, ಎರಡೇ ಅಂಕಿ, 5853, ಇದೊಂದು ಬಿಟ್ಟರೆ ಎಲ್ಲೂ ಬರಹದಲ್ಲಿಲ್ಲ, ಅವಳು ಬಾಯಲ್ಲಿ ಕೂಗಿದಳು ವೆಂಕಿ ಕಿವಿಯಲ್ಲಿ ಕೇಳಿ ಕತ್ತರಿಸಿದ, ಅಕ್ಕ ಹೇಳಿದ್ದೇ ಹಂಗೆ ಅಂತ ವೆಂಕಿ ಅಂದರೆ ಯಾರು ನಂಬುತ್ತಾರೆ, ಆಷಾಢದಲ್ಲಿ ನಾಲ್ಕು ಪೈಪು ತಪ್ಪು ಕತ್ತರಿಸಿ ನರೇಶ್ ಕೈಲಿ ಬಾಯಿಗೆ ಬಂದಂತೆ ಬೈಸಿಕೊಂಡವನು ತಾನೇ ಅವನು, ಇನ್ನೊಂದ್ಸಲ ಹಿಂಗೆ ಮಾಡುದ್ರೆ ಗೇಟಿಂದ ಆಚೆಗೆ ಅಂತ ನರೇಶ್ ಬೆರಳು ತೋರಿಸಿದ್ದಾರೆ, ಹಾಳೂರಿಗೆ ಉಳಿದವನೇ ಗೌಡ ಅಂತಾರೆ, ತಪ್ಪು ನಡೆದ ಜಾಗದಲ್ಲಿ ಹಳೆ ತಪ್ಪಿನವನೇ ಕಳ್ಳ. ಸೈಟಿಗೆ ಹೋಗಿ ಸುಮ್ಮನೆ, ನಿಲ್ಸಿ ಮೇಸ್ತ್ರಿ, ಕಟ್ಟಿಂಗ್ ತಪ್ಪಾಗಿರೋ ಹಂಗಿದೆ ಅಂದರೆ ಸಾಕು, ಮೇಸ್ತ್ರಿ ಜೀವ ಉಳಿಯುತ್ತದೆ, ಮಕ್ಕಳು ಉಳಿಯುತ್ತಾರೆ, ಭಾನುವೂ ಉಳಿಯುತ್ತಾಳೆ, ಹೆಂಗಸಿಗೆ ಅಳತೆ ಕೊಡುದ್ರೆ ಹಿಂಗೇ ಅಂತ ಶೆಡ್ಡಿನಲ್ಲಿ ಕಾದು ಕೂತವರ ಬಾಯಿಗೆ ಎಲೆಯಡಿಕೆ ಸಿಗುವುದಿಲ್ಲ, ನಾಲ್ಕು ವರ್ಷ ಒಂದು ಮಿಲಿಮೀಟರ್ ತಪ್ಪದೆ ಕಟ್ಟಿಕೊಂಡ ಹೆಸರು. ಪೆನ್ಸಿಲ್ಲಿನ ಹಿಂಬದಿಯ ರಬ್ಬರಿನಿಂದ ಉಜ್ಜಿದಳು, ಏಳು ಹೋಯಿತು, ಐದು, ಒಂದು ಬಿಳಿಯ ಸಂದು, ಎಂಟು, ಮೂರು, ಸಂದಿನಲ್ಲಿ ಕಾಗದ ಬೆಳ್ಳಗೆ ಹೊಳೆಯಿತು, ವೆಂಕಿಯ ಹೆಂಡತಿ ಸೌಮ್ಯ ಕಳೆದ ವಾರ ಶೆಡ್ಡಿನ ಬಾಗಿಲಿಗೆ ಬಂದು ನಿಂತು, ಅಕ್ಕಾ, ಇವ್ರಿಗೆ ಸ್ವಲ್ಪ ನೀವೇ ನೋಡ್ಕೊಂಡು ಹೇಳ್ಕೊಡಿ, ಸಿಟ್ಟು ಮಾಡ್ಕೋಬ್ಯಾಡಿ ಅಂದದ್ದು, ಅವಳ ಕೈಯಲ್ಲಿ ಹಲಸಿನ ತೊಳೆಯ ಡಬ್ಬಿ, ಆ ಡಬ್ಬಿಯನ್ನು ತೊಳೆದು ಇನ್ನೂ ವಾಪಸ್ಸು ಕೊಟ್ಟಿಲ್ಲ. ಎಂಟು ಬರೆಯಲು ಪೆನ್ಸಿಲ್ಲು ಊರಿದಳು, ಬಸ್ಸು ಜಗ್ಗಿ ಮುಂದಕ್ಕೆ ಹೊರಟಿತು, ಪೆನ್ಸಿಲ್ಲು ಕೈಯಿಂದ ಜಾರಿ ಸೀಟಿನ ಕೆಳಗೆಲ್ಲೋ ಉರುಳಿಹೋಯಿತು, ಹುಡುಕಬೇಕೇ, ಬಗ್ಗಿ ಹುಡುಕಿದರೆ ಸಿಗುತ್ತದೆ, ಅವಳು ಬಗ್ಗಲಿಲ್ಲ, ಆದರೆ ಪುಸ್ತಕವನ್ನು ಮುಚ್ಚಲೂ ಇಲ್ಲ.

ಇಳಿದಾಗ ಹನ್ನೊಂದು ದಾಟಿತ್ತು, ಶಾಲೆ ರಸ್ತೆಯಿಂದ ಒಂದು ಕಿಲೋಮೀಟರ್ ಒಳಗೆ, ರಾಗಿ ಹೊಲದ ಬದುವಿನ ಮೇಲೆ ಓಡಿದಳು, ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು, ಕೈಯಲ್ಲಿ ಹಿಡಿದು ಓಡಿದಳು, ನೆಲ ಒಂದಾದರೆ ಓರೆ ಎಷ್ಟು, ನೆಲ ಒಂದಾದರೆ ಓರೆ ಎಷ್ಟು, ಉಸಿರಿಗೆ ಅದೇ ತಾಳ ಹಿಡಿದುಬಿಟ್ಟಿದೆ, ದೇವರೇ ಮೇಸ್ತ್ರಿಗೆ ಇವತ್ತು ಹೊಟ್ಟೆ ಕೆಟ್ಟಿರಲಿ, ಕೆಲಸ ತಡವಾಗಿರಲಿ, ಬೋಲ್ಟಿನ ಡಬ್ಬ ಮರೆತು ಬಂದಿರಲಿ, ಯಾರಾದರೂ ಜಗಳ ಆಡಿಕೊಂಡು ಕೂತಿರಲಿ — ಕೇಳಿಸಿತು, ಬೇಲಿಯ ಆಚೆಯಿಂದ, ಕಟ ಕಟ ಕಟ ಕಟ, ಚೈನ್ ಪುಲ್ಲಿಯ ಸದ್ದು, ನಿಧಾನವಾಗಿ, ಒಂದೊಂದೇ ಹಲ್ಲು ಹತ್ತುವ ಸದ್ದು, ಅದು ಭಾರ ಎತ್ತುವ ಸದ್ದಲ್ಲ, ಜಗ್ಗುವ ಸದ್ದು, ನಾಲ್ಕು ವರ್ಷದಲ್ಲಿ ಕಿವಿಗೆ ಅಷ್ಟು ಗೊತ್ತಾಗಿದೆ. ಗೇಟು ದಾಟಿದರೆ ಮೊದಲು ಕಾಲಿಗೆ ತಗುಲಿದ್ದು ಜಲ್ಲಿಗುಡ್ಡೆಯ ಮೇಲೆ ಬಿದ್ದಿದ್ದ ಹಿತ್ತಾಳೆಯ ತೂಗುಗುಂಡು, ಮೇಸ್ತ್ರಿಯದ್ದೇ, ಅವರ ಗುರು ಸಾಯುವಾಗ ಕೊಟ್ಟದ್ದಂತೆ, ದಿನಾ ಬೆಳಿಗ್ಗೆ ಜೇಬಿನಿಂದ ತೆಗೆದು ಅಂಗಿಯ ತುದಿಯಿಂದ ಒರೆಸುವರು, ನೆಲಕ್ಕಿಡುವವರೇ ಅಲ್ಲ, ಎಸೆದಿದ್ದಾರೆ, ದಾರ ಜಲ್ಲಿಯಲ್ಲಿ ಸಿಕ್ಕುಸಿಕ್ಕಾಗಿ ಬಿದ್ದಿದೆ. ತಲೆಯೆತ್ತಿದಳು, ಎಡಗಡೆಯ ಮೊದಲ ಕಂಬ ಒಳಕ್ಕೆ ವಾಲುತ್ತಿದೆ, ಚೈನು ತಂತಿಯ ಹಾಗೆ ಬಿಗಿದಿದೆ, ಕೆಳಗೆ ವೆಂಕಿ ಎರಡು ಕೈಯಲ್ಲಿ ಎಳೆಯುತ್ತಿದ್ದಾನೆ, ನರೇಶ್ ಛತ್ರಿ ಹಿಡಿದು ಹೆಡ್‌ಮಿಸ್ಟ್ರೆಸ್ ಜೊತೆ ನಿಂತಿದ್ದಾರೆ, ಮೇಲೆ ಸಾರವೆಯಲ್ಲಿ ಚಿಕ್ಕಮುನಿಯಪ್ಪ, ಸಂದು ಎಷ್ಟು ಉಳಿಯಿತು ಅಂತ ಬೆರಳಿಟ್ಟು ನೋಡುತ್ತಿದ್ದಾರೆ, ಈಗ ಎರಡು ಬೆರಳಷ್ಟೇ ಹಿಡಿಯುತ್ತದೆ, ಅವಳನ್ನು ಕಂಡು ಮುಖವರಳಿ, ಓ ಬಂದೇನಮ್ಮಾ, ನಿನ್ ಲೆಕ್ಕ ಸರಿಯಾಗೈತೆ ಕಣಮ್ಮ, ನನ್ ಗುಂಡೇ ಕೈ ಕೊಡ್ತು, ಕಂಬ ನೆಟ್ಟಗೈತೆ ಅಂತ ಬೆಳಗ್ಗಿಂದ ಸುಳ್ಳು ಹೇಳ್ತಾ ಐತೆ ಮುಂಡೇದು, ಎಸ್ದುಬುಟ್ಟೆ, ಇನ್ನೊಂದೀಟು ಎಳುದ್ರೆ ಕೂತ್ಕೊಂತೈತೆ, ವೆಂಕೀ, ಹಾಕ್ಲಾ. ಕಟ. ನರೇಶ್ ಹೆಡ್‌ಮಿಸ್ಟ್ರೆಸ್ ಕಡೆ ತಿರುಗಿ, ಈಯಮ್ಮನೇ ಮೇಡಂ ನಮ್ ಲೆಕ್ಕದವರು, ಇವ್ರು ಹಾಕಿದ್ ಅಳತೆ ಇದುವರ್ಗೂ ತಪ್ಪಿಲ್ಲ. ಕಟ. ಸುಮ್ಮನಿದ್ದರೆ ಆಯಿತಲ್ಲ, ಯಾರೂ ಕೇಳುವುದಿಲ್ಲ, ವೆಂಕಿಯನ್ನೂ ಯಾರೂ ಬೈಯುವುದಿಲ್ಲ, ತಪ್ಪು ಗುಂಡಿನದು, ಜಲ್ಲಿಯ ಮೇಲೆ ಬಿದ್ದಿರುವ ಹಿತ್ತಾಳೆಗೆ ಬಾಯಿಲ್ಲ. ಬುಡದಲ್ಲಿ ಕಾಂಕ್ರೀಟ್ ಕೂದಲೆಳೆಯಷ್ಟು ಬಿರುಕು ಬಿಟ್ಟದ್ದು ಕಂಡಿತು, ಹಿಂದಿನ ತರಗತಿಯಿಂದ ಮಕ್ಕಳು ರಾಗವಾಗಿ ಮಗ್ಗಿ ಹೇಳುವುದು ಕೇಳಿಸಿತು, ಮೇಸ್ತ್ರಿಯ ಎರಡು ಬೆರಳು ಇನ್ನೂ ಸಂದಿನಲ್ಲೇ ಇವೆ.

ನಿಲ್ಸೋ ವೆಂಕಿ, ಅವಳ ದನಿ ಅವಳಿಗೇ ಗುರುತಾಗಲಿಲ್ಲ, ಎಳೀಬ್ಯಾಡ, ಬಿಡಲೂಬ್ಯಾಡ, ಹಂಗೇ ಹಿಡ್ಕೊ, ಮೇಸ್ತ್ರಿ ಕೈ ತೆಗೀರಿ, ಕೈ ತೆಗೀರಿ ಮೊದ್ಲು. ಯಾಕಮ್ಮ ಅಂದರು ಮೇಸ್ತ್ರಿ ನಗುತ್ತಲೇ, ಬೆರಳು ಆಚೆ ಬಂದವು. ಕಂಬ ನೆಟ್ಟಗೇ ಇತ್ತು ಮೇಸ್ತ್ರಿ, ನಿಮ್ ಗುಂಡು ಸರಿಯಾಗೇ ಹೇಳ್ತು, ವೆಂಕಿ ಕಟ್ಟಿಂಗೂ ಸರಿ, ನಾನೇ ತಪ್ಪು ಹೇಳ್ದೆ, ಅರವತ್ತನ್ನ ಕೇಳ್ಲಿಲ್ಲ ನಾನು, ಹದಿನಾರೂ ಗಿಡ್ಡ, ಏಳು ಸೆಂಟಿಮೀಟರ್. ಅರವತ್ತು ಅಂದರೆ ಏನಂತ ಅಲ್ಲಿ ಯಾರಿಗೂ ಗೊತ್ತಿಲ್ಲ, ಏಳು ಸೆಂಟಿಮೀಟರ್ ಅಂದರೆ ಎಲ್ಲರಿಗೂ ಗೊತ್ತು, ನರೇಶರ ಛತ್ರಿ ಒಂದು ಕಡೆ ವಾಲಿತು, ಏನ್ ಹೇಳ್ತಾ ಇದ್ದೀರಾ ಭಾನು, ಹದಿನಾರೂನಾ, ಅವಳು ಪುಸ್ತಕ ತೆಗೆದು ತೋರಿಸಿದಳು, ಐದು, ಬಿಳಿಯ ಸಂದು, ಎಂಟು, ಮೂರು, ಇಲ್ಲಿ ಏಳಿತ್ತು ಸಾರ್, ಬಸ್ಸಲ್ಲಿ ಅಳಿಸ್ದೆ, ಎಂಟು ಬರ್ದು ವೆಂಕಿ ಮೇಲೆ ಹಾಕಣಾ ಅಂತ ಅಳಿಸ್ದೆ. ಇದನ್ನು ಹೇಳಬೇಕಾಗಿರಲಿಲ್ಲ, ಬಾಯಿಂದ ತಾನಾಗಿ ಬಂತು, ವೆಂಕಿ ಚೈನು ಹಿಡಿದುಕೊಂಡೇ ಅವಳನ್ನು ನೋಡಿದ, ನೋಡುತ್ತಲೇ ಇದ್ದ, ಸೌಮ್ಯಳ ಡಬ್ಬಿ ವಾಪಸ್ಸು ಕೊಡಬೇಕು. ಮೇಲಿನಿಂದ ಮೇಸ್ತ್ರಿ, ಮೆತ್ತಗೆ ಬುಡ್ಲಾ ವೆಂಕಿ, ಒಂದೊಂದೇ ಹಲ್ಲು, ಅಂದರು, ದನಿಯಲ್ಲಿ ಈಗ ನಗುವಿಲ್ಲ, ಕಟ, ಕಟ, ಕಂಬ ನರಳುತ್ತ ಹಿಂದಕ್ಕೆ ಬಂತು, ಕಟ, ಅವಳು ಬಗ್ಗಿ ಜಲ್ಲಿಯಿಂದ ತೂಗುಗುಂಡನ್ನು ಎತ್ತಿಕೊಂಡಳು, ಬಿಸಿಲಿಗೆ ಕಾದಿತ್ತು, ಇಷ್ಟು ಭಾರವಿರುತ್ತದೆ ಅಂತ ಗೊತ್ತಿರಲಿಲ್ಲ, ದಾರದ ಸಿಕ್ಕು ಬಿಡಿಸತೊಡಗಿದಳು, ಬಯ್ಯಲಿ, ಇಳಿದು ಬಂದು ಒಂದು ಏಟು ಹಾಕಲಿ, ಏನಾದರೂ ಅನ್ನಲಿ, ಕಂಬ ನೆಟ್ಟಗಾಗಿ ನಿಂತ ಮೇಲೆ ಪೈಪಿನ ತುದಿಗೂ ಮಧ್ಯದ ಕಂಬಕ್ಕೂ ನಡುವೆ ಬೆಳಕು ಬಿತ್ತು, ಮೇಸ್ತ್ರಿ ಬಲಗೈಯನ್ನು ಅಂಗಿಗೆ ಒರೆಸಿಕೊಂಡು ಬೆರಳುಗಳನ್ನು ಒತ್ತಾಗಿ ಜೋಡಿಸಿ ಆ ಬೆಳಕಿನೊಳಗೆ ಇಟ್ಟರು, ತೋರುಬೆರಳು, ಮಧ್ಯದ ಬೆರಳು, ಉಂಗುರದ ಬೆರಳು, ಕಿರುಬೆರಳು, ಒಂದು ಕೂದಲು ಹೆಚ್ಚಿಲ್ಲ ಒಂದು ಕೂದಲು ಕಮ್ಮಿಯಿಲ್ಲ, ಇಟ್ಟ ಕೈಯನ್ನು ತೆಗೆಯದೆ ಕೆಳಗೆ ಅವಳ ಕಡೆ ನೋಡಿದರು, ನಾಲ್ಕು ಬೆರಳು, ಆಕಾಶದಲ್ಲಿ ನಾಲ್ಕು ಬೆರಳು, ನಾಲ್ಕು ಬೆರಳು